ಒಂದೇ ಅಳತೆಯ ತುಂಡುಗಳು

ನವೆಂಬರ್ 3, ಸೋಮವಾರ

ಇವತ್ತು ಕುತ್ತಿಗೆಯ ಪಟ್ಟಿ ತೆಗೆದರು. ಥೈರಾಯ್ಡಿನ ಗಂಟಿನಲ್ಲಿ ಹೆದರುವಂಥದ್ದು ಏನೂ ಇರಲಿಲ್ಲ ಎಂದು ವರದಿ ಬಂದಿದೆ. ಇವರು ಅಲ್ಲೇ ಡಾಕ್ಟರಿಗೆ ಕೈಮುಗಿದರು. ಗ್ರಾಂಟ್ ರೋಡಿನ ನಮ್ಮ ಹೋಟೆಲಿನಲ್ಲಿ ಇಷ್ಟು ವರ್ಷ ಗಲ್ಲಾಪೆಟ್ಟಿಗೆಯ ಮುಂದೆ ಕೂತ ಅಣ್ಣು ಶೆಟ್ರು ದೇವರಿಗಲ್ಲದೆ ಇನ್ಯಾರಿಗೂ ಹೀಗೆ ಕೈಮುಗಿದದ್ದನ್ನು ನಾನು ಕಂಡಿಲ್ಲ.

ಆಮೇಲೆ ಡಾಕ್ಟರು ನನಗೆ "ಆ" ಅನ್ನಲು ಹೇಳಿದರು. ಅಂದೆ. ಗಾಳಿ ಬಂತು, ಸ್ವರ ಬರಲಿಲ್ಲ. ಮೂಗಿನೊಳಗಿಂದ ಸಣ್ಣ ಕ್ಯಾಮೆರಾ ಇಳಿಸಿ ಪರದೆಯ ಮೇಲೆ ತೋರಿಸಿದರು. ಜೋಡಿ ಬಾಗಿಲಿನಂತೆ ಎರಡು ಸ್ವರತಂತುಗಳು. ಬಲದ್ದು ನಡುವಿನವರೆಗೆ ಬಂದು ಕಾಯುತ್ತದೆ, ಎಡದ್ದು ಗೋಡೆಗೆ ಅಂಟಿಕೊಂಡೇ ಇದೆ. ಆಪರೇಷನ್ನಿನಲ್ಲಿ ನರ ಬಾತುಕೊಂಡಿರಬೇಕು, ಕೆಲವು ತಿಂಗಳಲ್ಲಿ ಸರಿಹೋಗಬಹುದು, ಹೋಗದಿದ್ದರೆ ಬೇರೆ ಚಿಕಿತ್ಸೆ ನೋಡೋಣ ಎಂದರು. ಪಿಸುಗುಟ್ಟಲೂ ಕೂಡದಂತೆ. ಅದು ಇನ್ನೂ ಕೆಟ್ಟದ್ದಂತೆ.

ಇಷ್ಟು ವರ್ಷ ರಸಾಯನಶಾಸ್ತ್ರ ಹೇಳಿದ ಗಂಟಲು ಇದು. ಮೋಹಿನಿ ಮ್ಯಾಡಮ್ ಕ್ಲಾಸಿನಲ್ಲಿ ಫ್ಯಾನಿನ ಸದ್ದು ಕೇಳಿಸುತ್ತದೆ ಎಂದು ಅಂಧೇರಿಯ ನಮ್ಮ ಕಾಲೇಜಿನಲ್ಲಿ ಎಲ್ಲರೂ ಹೇಳುತ್ತಾರೆ. ನಾನು ಹೇಳುತ್ತೇನೆ, ಮಕ್ಕಳು ಬರೆದುಕೊಳ್ಳುತ್ತಾರೆ, ನಡುವೆ ಯಾರೂ ಉಸಿರೆತ್ತುವುದಿಲ್ಲ. ಪಾಠವೆಂದರೆ ಹಾಗಿರಬೇಕು.

ಮಾತಾಡುವಂತಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಕನ್ನಡ ಬರೆಯದೆ ಎಷ್ಟೋ ಕಾಲವಾಯಿತು. ಒತ್ತಕ್ಷರ ಬಂದಾಗಲೆಲ್ಲ ಕೈ ತಡೆಯುತ್ತದೆ.

ನವೆಂಬರ್ 10, ಸೋಮವಾರ

ದೀಪಾವಳಿ ರಜೆ ಮುಗಿದು ಕಾಲೇಜು ಶುರುವಾಯಿತು. ಲಾವಣ್ಯಾ ಕಾಲರಿಗೆ ಸಿಕ್ಕಿಸುವ ಮೈಕೊಂದನ್ನು ತಂದುಕೊಟ್ಟಳು. ಅವಳು ನಮ್ಮ ವಿಭಾಗಕ್ಕೆ ಈ ವರ್ಷವಷ್ಟೇ ಬಂದವಳು. ಮಂಗಳೂರಿನ ಮನೆತನ, ಹುಟ್ಟಿ ಬೆಳೆದದ್ದು ಮಲಾಡಿನಲ್ಲಿ. ನನ್ನೊಡನೆ ತುಳು ಮಾತಾಡಲು ಹೊರಟು ನಾಲ್ಕನೇ ಶಬ್ದಕ್ಕೆ ಹಿಂದಿಗೆ ಜಾರುತ್ತಾಳೆ.

ಮೈಕು ನನ್ನ ಉಸಿರನ್ನೇ ದೊಡ್ಡದು ಮಾಡಿತು. ಹನ್ನೆರಡನೆಯ ತರಗತಿಯ ತುಂಬ ಬುಸ್ ಬುಸ್ ಎಂಬ ಸದ್ದು. ಮುಂದಿನ ಬೆಂಚಿನವರು ತಲೆ ತಗ್ಗಿಸಿದರು, ಹಿಂದಿನವರು ನಕ್ಕರು. ಮೈಕು ಕಿತ್ತು ಚೀಲಕ್ಕೆ ಹಾಕಿ ಉಳಿದ ಹೊತ್ತೆಲ್ಲ ಬೋರ್ಡಿನ ಮೇಲೆ ಬರೆದೆ. ಬೆನ್ನ ಹಿಂದೆ ಗಲಾಟೆ. ಈ ಕ್ಲಾಸಿನಲ್ಲಿ ಗಲಾಟೆ.

ಪ್ರಾಂಶುಪಾಲರು ಕರೆಸಿದರು. ಒಳ್ಳೆಯ ಮನುಷ್ಯ, ಇತಿಹಾಸದ ಮೇಷ್ಟ್ರಾಗಿದ್ದವರು, ಮರಾಠಿಯಲ್ಲಿ ಬಹಳ ಮೆತ್ತಗೆ ಮಾತಾಡುತ್ತಾರೆ. ಫೆಬ್ರವರಿಯಲ್ಲಿ ಬೋರ್ಡ್ ಪರೀಕ್ಷೆ, ಮಕ್ಕಳಿಗೆ ತೊಂದರೆಯಾಗಬಾರದು, ಸದ್ಯ ಲಾವಣ್ಯಾ ಹಿಂದೆ ಕೂತು ನೋಡಲಿ, ಬೇಕಾದರೆ ಮುಂದೆ ಅವಳೇ ತೆಗೆದುಕೊಳ್ಳಲಿ ಎಂದರು. ನನಗೆ ಪರೀಕ್ಷಾ ವಿಭಾಗದಲ್ಲಿ ಕುರ್ಚಿ ಇದೆಯಂತೆ. ಅಲ್ಲಿ ಮಾತಿನ ಅಗತ್ಯ ಬೀಳುವುದಿಲ್ಲವಂತೆ.

ನವೆಂಬರ್ 13, ಗುರುವಾರ

ಬೋರ್ಡು ನೋಡಿ ಗಟ್ಟಿಯಾಗಿ ಓದಲು ಒಬ್ಬರು ಬೇಕಾಗಿತ್ತು. ಮುಂದಿನ ಬೆಂಚಿನ ತಿಲಕನನ್ನು ಎಬ್ಬಿಸಿದೆ. ತರಗತಿಗೆ ಮೊದಲಿಗ, ಆದರೆ ಅವನ ಮಾತು ಅವನ ಅಂಗಿಯ ಗುಂಡಿ ದಾಟುವುದಿಲ್ಲ. ಹಿಂದಿನಿಂದ "ಕೇಳ್ತಿಲ್ಲ" ಎಂದು ಕೂಗಿದವಳು ಸ್ನೇಹಲ್. ಅವಳ ಗಂಟಲನ್ನು ಮುಚ್ಚಿಸುವುದೇ ಕಳೆದ ಒಂದೂವರೆ ವರ್ಷದಿಂದ ನನ್ನ ಕೆಲಸವಾಗಿತ್ತು. ಮೊದಲ ಟರ್ಮಿನಲ್ಲಿ ನನ್ನ ವಿಷಯದಲ್ಲಿ ಫೇಲು. ಕೈ ಸನ್ನೆ ಮಾಡಿ ಅವಳನ್ನೇ ಮುಂದೆ ಕರೆದೆ.

ಓದಿದಳು. ಸ್ಟೇಷನ್ನಿನಲ್ಲಿ ಗಾಡಿ ಘೋಷಿಸುವವರ ಹಾಗೆ ಓದಿದಳು. ನಾನು ಬರೆದದ್ದನ್ನು ಬರೆದಂತೆ ಓದುವುದು ಅವಳಿಂದ ಆಗುವುದಿಲ್ಲ, ನಡುವೆ "ಅಂದರೆ ಏನಪ್ಪಾ ಅಂದರೆ" ಎಂದು ಹಿಂದಿಯಲ್ಲಿ ತನ್ನದೊಂದು ಸೇರಿಸುತ್ತಾಳೆ. ಅರ್ಧ ತಪ್ಪು. ತಪ್ಪಿಗೆ ಅಡ್ಡಗೆರೆ ಎಳೆಯಲು ನಾನು ಬೋರ್ಡಿಗೆ ಹೋಗುವಷ್ಟರಲ್ಲಿ ತಿಲಕ್ ಎದ್ದು ತಿದ್ದಿರುತ್ತಾನೆ. ತಲೆನೋವು ಬಂತು.

ನವೆಂಬರ್ 17, ಸೋಮವಾರ

ಸಂಕ್ರಮಣ ಲೋಹಗಳ ಅಧ್ಯಾಯ ಶುರು. ಸ್ಕ್ಯಾಂಡಿಯಮ್ಮಿನಿಂದ ತಾಮ್ರದವರೆಗೆ ಸಾಂದ್ರತೆ ಸಾಮಾನ್ಯವಾಗಿ ಏರುತ್ತದೆ ಎಂದು ಬರೆದೆ. ಪ್ರತಿವರ್ಷ ಹೇಳಿ ಬರೆಸುವ ವಾಕ್ಯ. ಹೇಳಲು ಒಂದು ಉಸಿರು ಸಾಕು.

ಸ್ನೇಹಲ್ ಓದಿ ಮುಗಿಸಿ ಅಲ್ಲೇ ನಿಂತಳು. ಕಬ್ಬಿಣ ಭಾರ ಎನ್ನುತ್ತೀರಿ, ಮೊಳೆಯನ್ನು ಎರಡು ಬೆರಳಲ್ಲಿ ಎತ್ತುತ್ತೇವೆ, ಭಾರ ಎಲ್ಲಿಂದ ಬಂತು ಎಂದು ಕೇಳಿದಳು. ಎಲ್ಲರೂ ನಕ್ಕರು. ಸ್ವರವಿದ್ದಿದ್ದರೆ ಅರ್ಧ ನಿಮಿಷದಲ್ಲಿ ವ್ಯಾಖ್ಯೆ ಹೇಳಿ ಕೂರಿಸುತ್ತಿದ್ದೆ. ಬರೆಯಲು ತಡವಾಯಿತು. ಅಷ್ಟರಲ್ಲಿ ತಿಲಕ್ ಸಾಂದ್ರತೆಯ ಸೂತ್ರ ಹೇಳಿದ. ಸೂತ್ರ ನನಗೂ ಬರುತ್ತದೆ, ಭಾರ ನೋಡಿದವರು ಯಾರು ಎಂದಳು ಅವಳು. ಯಾರೂ ನೋಡಿರಲಿಲ್ಲ. ಟೈಟಾನಿಯಮ್, ನಿಕ್ಕಲ್ ಎಂದು ನಾನು ವರ್ಷಗಟ್ಟಲೆ ಹೇಳಿದ್ದೇನೆ, ಆ ಮಕ್ಕಳು ಯಾರೂ ಅವನ್ನು ಕೈಯಲ್ಲಿ ಹಿಡಿದವರಲ್ಲ.

ಬೆಲ್ ಆದ ಮೇಲೆ ಅವಳು ಮೇಜಿನ ಹತ್ತಿರ ಬಂದಳು. ಅಪ್ಪ ಶಿವಪುತ್ರ ಧಾರವಾಡದ ಕಡೆಯವರು, ಇಲ್ಲಿ ಕಂಪನಿಯೊಂದರಲ್ಲಿ ಕೆಲಸ. ನನಗೆ ಕನ್ನಡ ಬರುತ್ತದೆಂದು ಯಾರಿಂದಲೋ ತಿಳಿದಿದೆ.

"ಸಿಟ್ಟಿಗಿ ಬರಬ್ಯಾಡ್ರಿ ಮ್ಯಾಡಮ್. ನಾ ಚಾಷ್ಟಿ ಮಾಡ್ಲಿಲ್ಲ. ಖರೇನ ತಿಳೀಲಿಲ್ರಿ ನನಗ."

ತಲೆಯಾಡಿಸಿದೆ. ಬೇರೇನು ಮಾಡಲಿ.

ನವೆಂಬರ್ 23, ಭಾನುವಾರ

ಮನೆಯಲ್ಲಿ ಮಾತು ನನ್ನದು, ಕೇಳುವುದು ಇವರದು ಎಂಬ ಪದ್ಧತಿ. ಈಗ ಊಟಕ್ಕೆ ಕೂತರೆ ಇಬ್ಬರ ನಡುವೆ ತಟ್ಟೆಯ ಸದ್ದು. ಇವರಿಗೆ ಅದನ್ನು ತಡೆಯಲಾಗುತ್ತಿಲ್ಲವೆಂದು ಗೊತ್ತಾಗುತ್ತದೆ. ನಿನ್ನೆ ತಾವಾಗಿಯೇ ಕೇಳಿದರು.

"ಕ್ಲಾಸಲ್ಲಿ ಎಂತ ಆಯ್ತು? ಬರ್ದಾದ್ರೂ ಹೇಳು ಮಾರಾಯ್ತಿ. ನಂಗೆ ಅರ್ಥ ಆಗ್ಲಿಕ್ಕಿಲ್ಲ, ಆದ್ರೂ ಹೇಳು."

ಬರೆದೆ. ಓದಿದರು. ಹೋಟೆಲಿನ ಪಾತ್ರೆಗೆ ತಗಡು ತರುವ ಗಲ್ಲಿಯಲ್ಲಿ ಇಂಥ ಲೋಹದವರು ಸಾಲಾಗಿ ಇದ್ದಾರೆ, ನಾಳೆ ಹೋಗುವ ಎಂದರು.

ಇವತ್ತು ಹೋದೆವು. ಭಾನುವಾರವಾದರೂ ಪರಿಚಯದ ಒಬ್ಬ ವ್ಯಾಪಾರಿ ಬಾಗಿಲು ತೆರೆದಿದ್ದ. ಗೋಡೆಗೆ ಒರಗಿಸಿದ ಸರಳುಗಳು, ನೆಲದಲ್ಲಿ ತಗಡಿನ ಸುರುಳಿಗಳು, ಎಣ್ಣೆಯ ವಾಸನೆ. ಟೈಟಾನಿಯಮ್, ಕಬ್ಬಿಣ, ನಿಕ್ಕಲ್, ತಾಮ್ರ, ಸತು ಇಷ್ಟು ಸಿಕ್ಕಿತು. ಎಲ್ಲದರಿಂದಲೂ ಒಂದೇ ದಪ್ಪ, ಒಂದೇ ಉದ್ದದ ತುಂಡು ಬೇಕೆಂದು ನಾನು ಚೀಟಿಯಲ್ಲಿ ಬರೆದೆ, ಇವರು ಗುಜರಾತಿಯಲ್ಲಿ ಅವನಿಗೆ ವಿವರಿಸಿದರು. ಇವರಿಗೆ ಗುಜರಾತಿ ಇಷ್ಟು ಚೆನ್ನಾಗಿ ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ನನ್ನ ಕಡೆ ಬೆರಳು ಮಾಡಿ ಏನೋ ಹೇಳಿದರು, ವ್ಯಾಪಾರಿ ಗೌರವದಿಂದ ನೋಡಿದ.

ಲೋಕಲ್ ರೈಲಿನಲ್ಲಿ ಬರುವಾಗ ಚೀಲ ಇವರ ತೊಡೆಯ ಮೇಲಿತ್ತು. ಮಲಾಡ್ ಬರುವವರೆಗೂ ಒಂದೊಂದೇ ತುಂಡು ತೆಗೆದು ತೂಗಿ ನೋಡುತ್ತಿದ್ದರು.

ನವೆಂಬರ್ 25, ಮಂಗಳವಾರ

ತುಂಡುಗಳಿಗೆ ಕಾಗದ ಸುತ್ತಿ ಹೆಸರಿಲ್ಲದೆ ಕೊಟ್ಟೆ. ಹಗುರದಿಂದ ಭಾರಕ್ಕೆ ಜೋಡಿಸಿ ಎಂದಷ್ಟೇ ಬೋರ್ಡಿನಲ್ಲಿ ಬರೆದೆ. ಬೆಂಚು ಬಿಟ್ಟು ಎಲ್ಲರೂ ಮೇಜಿನ ಸುತ್ತ. ಮೊದಲನೆಯದು ಯಾವುದೆಂದು ಯಾರಿಗೂ ಅನುಮಾನವಿರಲಿಲ್ಲ, ಟೈಟಾನಿಯಮ್ ಕೈಗೆ ಬಂದಾಗ ಒಳಗೆ ಟೊಳ್ಳೇ ಎಂದು ಕೇಳಿದರು. ಕೊನೆಯ ಎರಡರ ಬಗ್ಗೆ ಜಗಳವಾಯಿತು. ನಿಕ್ಕಲ್ಲೂ ತಾಮ್ರವೂ ಕೈಗೆ ಒಂದೇ ಅನ್ನಿಸುತ್ತವೆ, ಲ್ಯಾಬಿನ ತಕ್ಕಡಿಯನ್ನೇ ಹೊತ್ತು ತಂದರು.

ಕಾಗದ ಬಿಚ್ಚಿದಾಗ ನಿಜವಾದ ಗಲಾಟೆ. ಗೋಡೆಯ ಆವರ್ತ ಕೋಷ್ಟಕದಲ್ಲಿ ಇರುವ ಕ್ರಮದಲ್ಲೇ ಬಂದಿದೆ, ಸತು ಒಂದನ್ನು ಬಿಟ್ಟು. ಅದು ತಾಮ್ರದ ಮುಂದಿನ ಮನೆಯಲ್ಲಿದೆ, ಮೇಜಿನ ಮೇಲೆ ಮಾತ್ರ ಕಬ್ಬಿಣಕ್ಕಿಂತ ಹಿಂದೆ ಬಿದ್ದಿದೆ. ಪರಮಾಣು ಒಂದು ಮೆಟ್ಟಿಲು ಭಾರವಾಗಿಯೂ ಲೋಹ ಹಗುರ. ಹೀಗಾಗುವುದು ಹೇಗೆಂದು ಸ್ನೇಹಲ್ ನನ್ನನ್ನು ಕೇಳಿದಳು. ನಾನು ಸುಣ್ಣದಕಡ್ಡಿಯನ್ನು ತಿಲಕನ ಕೈಗೆ ಕೊಟ್ಟೆ. ಅವನು ಅವಳೊಡನೆ ವಾದಿಸಿ, ಅವಳು ಅವನೊಡನೆ ವಾದಿಸಿ, ಕೊನೆಗೆ ಹೇಗೋ ಉತ್ತರಕ್ಕೆ ತಲುಪಿದರು. ತಾಮ್ರದವರೆಗೆ ಪರಮಾಣು ತೂಕ ಕೂಡಿಸಿಕೊಳ್ಳುತ್ತ ಮೈ ಕುಗ್ಗಿಸಿಕೊಳ್ಳುತ್ತದೆ. ಸತುವಿಗೆ ಬಂದಾಗ ಒಳಗಿನ ಕೋಣೆ ತುಂಬಿ ಬಾಗಿಲು ಹಾಕಿದಂತಾಗುತ್ತದೆ, ಅಲ್ಲಿನ ಎಲೆಕ್ಟ್ರಾನುಗಳು ನೆರೆಯ ಪರಮಾಣುಗಳನ್ನು ಕಟ್ಟಿಹಾಕಲು ಹೊರಗೆ ಬರುವುದಿಲ್ಲ. ಆದ್ದರಿಂದ ಮೈ ಊದಿ, ಪರಮಾಣುಗಳು ಸಡಿಲವಾಗಿ ಕೂರುತ್ತವೆ.

ಲಾವಣ್ಯಾ ಹಿಂದಿನ ಬೆಂಚು ಬಿಟ್ಟು ಯಾವಾಗಲೋ ಮೇಜಿನ ಹತ್ತಿರ ಬಂದಿದ್ದಳು. ಕ್ರೋಮಿಯಮ್, ಮ್ಯಾಂಗನೀಸ್ ಸಿಗಬೇಕಿತ್ತು. ಮ್ಯಾಂಗನೀಸಿನ ಹತ್ತಿರವೂ ಏರು ಅಷ್ಟು ನೇರವಿಲ್ಲ, ಅದನ್ನೂ ಅವರೇ ನೋಡುತ್ತಿದ್ದರು.

ಡಿಸೆಂಬರ್ 4, ಗುರುವಾರ

ಕ್ಯಾಮೆರಾ ಇಳಿಸಿದರು. ಎಡದ್ದು ಹಾಗೆಯೇ ಇದೆ. ಕಾಯೋಣ ಎಂದರು.

ಡಿಸೆಂಬರ್ 9, ಮಂಗಳವಾರ

ಪ್ರಾಂಶುಪಾಲರು ಹೇಳದೆ ಕೇಳದೆ ಬಾಗಿಲಲ್ಲಿ ಬಂದು ನಿಂತಿದ್ದರು. ಒಳಗೆ ಇಬ್ಬರು ಬೋರ್ಡಿನಲ್ಲಿ ಬರೆಯುತ್ತ ಕಿತ್ತಾಡುತ್ತಿದ್ದರು, ಉಳಿದವರು ಒಬ್ಬೊಬ್ಬರ ಕಡೆ ಸೇರಿ ಕೂಗುತ್ತಿದ್ದರು, ನಾನು ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂತಿದ್ದೆ. ಹೊರಗಿನಿಂದ ನೋಡಿದವರಿಗೆ ಅಧ್ಯಾಪಕರಿಲ್ಲದ ಕ್ಲಾಸು.

ಮಧ್ಯಾಹ್ನ ಕರೆದು ಅಷ್ಟೇ ಮೆತ್ತಗೆ ಹೇಳಿದರು. ನಿಮ್ಮ ಕ್ಲಾಸನ್ನು ಈ ಸ್ಥಿತಿಯಲ್ಲಿ ನೋಡಬೇಕಾಯಿತಲ್ಲ ಎಂದು ನೋವಾಗಿದೆ, ಮುಂದಿನ ವಾರದಿಂದ ಲಾವಣ್ಯಾ ತೆಗೆದುಕೊಳ್ಳಲಿ, ನೀವು ಪೂರ್ತಿ ಗುಣವಾಗಿ ಬನ್ನಿ. ನಾನು ಬರೆಯಲು ಪೆನ್ನು ತೆಗೆದೆ. ಅವರು ನನ್ನ ಕೈಯ ಮೇಲೆ ಕೈಯಿಟ್ಟು, ಆಯಾಸ ಮಾಡಿಕೊಳ್ಳಬೇಡಿ ಎಂದರು. ಪೆನ್ನು ಹಾಗೇ ಒಳಗಿಟ್ಟೆ.

ಡಿಸೆಂಬರ್ 10, ಬುಧವಾರ

ಹೋಗಲಿಲ್ಲ.

ಡಿಸೆಂಬರ್ 14, ಭಾನುವಾರ

ನಾಲ್ಕು ದಿನ ಮಂಚ ಬಿಟ್ಟು ಏಳದವಳನ್ನು ಇವರು ಇವತ್ತು ಎಬ್ಬಿಸಿದ ರೀತಿ ಬರೆದಿಡಬೇಕು. ಜೇಬಿನಿಂದ ಎರಡು ಬೂದು ಬಣ್ಣದ ತುಂಡು ತೆಗೆದು ನನ್ನ ಎರಡೂ ಅಂಗೈ ಮೇಲೆ ಒಂದೊಂದು ಇಟ್ಟರು. ನೋಡಲು ಅವಳಿಜವಳಿ. ಎಡಗೈ ಹಾಗೇ ಇತ್ತು, ಬಲಗೈ ಹಾಸಿಗೆಗೆ ಇಳಿಯಿತು.

ಆ ವ್ಯಾಪಾರಿಯ ಹತ್ತಿರ ನಿನ್ನೆ ಇವರು ಒಬ್ಬರೇ ಹೋಗಿದ್ದರಂತೆ. ನಿನ್ನಲ್ಲಿರುವ ಎಲ್ಲಕ್ಕಿಂತ ಭಾರದ್ದು ಕೊಡು ಎಂದಿದ್ದಾರೆ. ಟಂಗ್‌ಸ್ಟನ್ ಕೊಟ್ಟಿದ್ದಾನೆ. ಪಕ್ಕದಲ್ಲಿ ಅದೇ ದಪ್ಪದ ಇನ್ನೊಂದು ಸರಳಿತ್ತಂತೆ, ಮಾಲಿಬ್ಡಿನಮ್. ಅದರಿಂದಲೂ ಅಷ್ಟೇ ಉದ್ದದ್ದು ತಂದಿದ್ದಾರೆ.

"ಒಂದಕ್ಕೆ ಇನ್ನೊಂದರ ಡಬಲ್ ತೂಕ ಉಂಟು. ಅವ ಮೋಸ ಮಾಡಿದ್ದಾನಾ ಹೇಳು, ಒಳಗೆ ಸೀಸ ತುಂಬಿಸಿದ್ದಾನಾ?"

ನಗು ಬಂತು. ನಕ್ಕರೆ ಈಗ ಬಾಗಿಲ ಸಂದಿಯ ಗಾಳಿಯಂತೆ ಸದ್ದಾಗುತ್ತದೆ, ಇವರೂ ಅದಕ್ಕೆ ನಕ್ಕರು. ಕಾಗದ ತರಿಸಿ ವಿವರಿಸಲು ಕೂತೆ. ಕೋಷ್ಟಕದಲ್ಲಿ ಇವೆರಡೂ ಒಂದೇ ಕಂಬದಲ್ಲಿ ಮೇಲೆ ಕೆಳಗೆ ಇರುವವು. ಕೆಳಗಿನ ಸಾಲಿನದು ಗಾತ್ರದಲ್ಲೂ ದೊಡ್ಡದಿರಬೇಕು ಅಲ್ಲವೇ. ಇಲ್ಲ. ನಡುವೆ ಲ್ಯಾಂಥನಮ್ಮಿನ ಆಚೆ ಹದಿನಾಲ್ಕು ಧಾತುಗಳು ಬಂದು ಹೋಗುತ್ತವೆ, ಆ ದಾರಿಯಲ್ಲಿ ಪರಮಾಣು ಎಷ್ಟು ಬಿಗಿಯಾಗಿ ಕುಗ್ಗುತ್ತದೆಂದರೆ ಟಂಗ್‌ಸ್ಟನ್ ತನ್ನ ಮೇಲಿನ ಮನೆಯವನ ಅಳತೆಗೇ ಬಂದು ನಿಲ್ಲುತ್ತದೆ. ತೂಕ ಮಾತ್ರ ಹೆಚ್ಚುಕಡಿಮೆ ಎರಡರಷ್ಟು. ಅದಕ್ಕೇ ಸಂಕ್ರಮಣ ಲೋಹಗಳ ಮೂರನೆಯ ಸಾಲಿನವೇ ಲೋಕದಲ್ಲಿ ಎಲ್ಲಕ್ಕಿಂತ ಭಾರವಾದವು. ಚಿನ್ನ, ಪ್ಲಾಟಿನಮ್, ಎಲ್ಲದರ ತುದಿಯಲ್ಲಿ ಆಸ್ಮಿಯಮ್.

ಇವರು ಪ್ರಶ್ನೆ ಕೇಳುತ್ತಲೇ ಇದ್ದರು. ಎಲ್ಲವೂ ಅರ್ಥವಾಯಿತೆಂದು ಹೇಳಲಾರೆ. ಅಡುಗೆ ತಡವಾಗಿ, ಹೋಟೆಲಿನಿಂದಲೇ ತರಿಸಿ ಉಂಡೆವು.

ಡಿಸೆಂಬರ್ 16, ಮಂಗಳವಾರ

ನಿನ್ನೆ ಪರೀಕ್ಷಾ ವಿಭಾಗದ ಕುರ್ಚಿಯಲ್ಲಿ ಕೂತು ಬಂದೆ. ಇವತ್ತು ಎರಡು ತುಂಡುಗಳನ್ನು ಮಕ್ಕಳಿಗೆ ಒಮ್ಮೆ ತೋರಿಸಿ ಬರೋಣವೆಂದು ಲಾವಣ್ಯಾಳ ಕ್ಲಾಸಿನ ಕೊನೆಗೆ ಹೋದೆ. ಅವಳು ನನ್ನನ್ನು ಕಂಡದ್ದೇ ಸುಣ್ಣದಕಡ್ಡಿ ಕೆಳಗಿಟ್ಟಳು.

ತುಂಡುಗಳು ಕೈಯಿಂದ ಕೈಗೆ ಹೋದವು. ಹದಿನಾಲ್ಕು ಧಾತುಗಳ ವಿಷಯವನ್ನು ಎರಡು ಸಾಲಿನಲ್ಲಿ ಬರೆದೆ. ಬೆಲ್ ಆಯಿತು. ನಾನು ಕಾರಿಡಾರಿನಲ್ಲಿ ಅರ್ಧ ದಾರಿ ಹೋಗಿದ್ದಾಗ ಸ್ನೇಹಲ್ ಹಿಂದಿನಿಂದ ಓಡಿ ಬಂದಳು.

"ಮ್ಯಾಡಮ್, ವಿರಾರ್ ಲೋಕಲ್ ಇದ್ದಂಗ ಅಲ್ಲೇನ್ರಿ? ಅಂಧೇರಿಗೆ ಮಂದಿ ಹತ್ತತಾರ, ಡಬ್ಬಿ ದೊಡ್ಡದಾಗಂಗಿಲ್ಲ. ಒಳಗ ಹತ್ತಿದವ್ರು ಅಡ್ಡ ನಿಂದರೋದು ಬಿಟ್ಟು ದಾರಿ ಬಿಡತಾರ, ಬಾಗಲದಾಗ ಜೋತು ಬಿದ್ದವ್ರೂ ಒಳಗ ಬರತಾರ. ಡಬ್ಬಿ ಅಷ್ಟ, ತೂಕ ಡಬಲ್."

ನಾನು ಅಲ್ಲೇ ನಿಂತೆ. ನಡುವಿನ ಎಲೆಕ್ಟ್ರಾನುಗಳು ನ್ಯೂಕ್ಲಿಯಸ್ಸಿನ ಸೆಳೆತಕ್ಕೆ ಸರಿಯಾಗಿ ಅಡ್ಡ ನಿಲ್ಲುವುದಿಲ್ಲ, ಆದ್ದರಿಂದ ಹೊರಗಿನವು ಒಳಕ್ಕೆ ಸೆಳೆಯಲ್ಪಡುತ್ತವೆ ಎಂದು ಇಷ್ಟು ವರ್ಷ ಬರೆಸಿದ್ದೇನೆ. ಅವಳು ಹೇಳಿದ್ದು ಅದೇ.

ಅವಳ ಮಣಿಕಟ್ಟು ಹಿಡಿದು ನೇರ ಪ್ರಾಂಶುಪಾಲರ ಕೋಣೆಗೆ ನಡೆದೆ. ಲಾವಣ್ಯಾಳೂ ಹಿಂದೆ ಬಂದಳು. ಅವರು ಎದ್ದು ನಿಂತು ಏನಾಯಿತೆಂದು ಕೇಳುವಷ್ಟರಲ್ಲಿ ಎರಡೂ ಅಂಗೈ ಚಾಚುವಂತೆ ಸನ್ನೆ ಮಾಡಿ ತುಂಡುಗಳನ್ನು ಇಟ್ಟೆ. ಬಲಗೈ ಮೇಜಿಗೆ ತಾಗಿತು. ಕೈ ಬದಲಿಸಿ ನೋಡಿದರು. ಕನ್ನಡಕ ಹಾಕಿ ನೋಡಿದರು. ಇದು ಹೇಗೆ ಎಂದು ನನ್ನನ್ನು ಕೇಳಿದರು. ನಾನು ಸ್ನೇಹಲ್ ಕಡೆ ನೋಡಿದೆ.

ಅವಳು ಹಿಂದಿಯಲ್ಲಿ, ಆ ಸಣ್ಣ ಕೋಣೆಗೆ ತೀರ ದೊಡ್ಡದಾದ ಗಂಟಲಿನಲ್ಲಿ ಹೇಳಿದಳು. ಲೋಕಲ್ ಗಾಡಿಯಿಂದ ಶುರುಮಾಡಿದಳು, ಟೈಟಾನಿಯಮ್ಮಿಗೆ ಹೋದಳು, ಸತು ಯಾಕೆ ಹಿಂದೆ ಬಿತ್ತೆಂದು ಹೇಳಿದಳು. ಒಂದು ಕಡೆ ತಪ್ಪಿ ತಾನೇ ತಿದ್ದಿಕೊಂಡಳು. ಪ್ರಾಂಶುಪಾಲರು ತುಂಡುಗಳನ್ನು ಕೆಳಗಿಡಲಿಲ್ಲ. ಈ ಹುಡುಗಿ ಮೊದಲ ಟರ್ಮಿನಲ್ಲಿ ಎಷ್ಟು ತೆಗೆದಿದ್ದಳು ಎಂದು ಕೇಳಿದರು. ಫೇಲು ಸರ್ ಎಂದು ಅವಳೇ ಹೇಳಿದಳು.

ಲಾವಣ್ಯಾ ಆಗ ಮಾತಾಡಿದಳು. ಈ ಕ್ಲಾಸನ್ನು ನಾನು ಒಬ್ಬಳೇ ತೆಗೆದುಕೊಳ್ಳಲಾರೆ, ಮಕ್ಕಳು ಕೇಳುವ ಪ್ರಶ್ನೆಗಳಿಗೆ ನನಗೆ ಉತ್ತರ ಗೊತ್ತಿಲ್ಲ ಎಂದಳು. ಸುಳ್ಳಿರಬೇಕು, ಹುಡುಗಿ ಬುದ್ಧಿವಂತೆ. ಪ್ರಾಂಶುಪಾಲರು, ಬೋರ್ಡಿಗೆ ಮುಂಚಿನ ಪ್ರಿಲಿಮ್ಸ್ ಪರೀಕ್ಷೆ ಆಗುವವರೆಗೆ ಇಬ್ಬರೂ ಇರಿ, ಆಮೇಲೆ ನೋಡೋಣ ಎಂದರು. ಬಾಗಿಲು ಮುಚ್ಚಿಕೊಂಡು ಗಲಾಟೆ ಮಾಡಿ ಎಂದೂ ಸೇರಿಸಿದರು.

ಜನವರಿ 12, ಸೋಮವಾರ

ಪ್ರಿಲಿಮ್ಸ್ ಉತ್ತರಪತ್ರಿಕೆ ಲಾವಣ್ಯಾ ತಿದ್ದಿದಳು, ನಾನು ಮುಟ್ಟಲಿಲ್ಲ. ತಿಲಕ್ ಎಂದಿನಂತೆ ಮೊದಲು. ಸ್ನೇಹಲ್ ಪಾಸು, ಆರಾಮವಾಗಿ ಪಾಸು. ಸಾಂದ್ರತೆಯ ಪ್ರಶ್ನೆಗೆ ಗೆರೆಚಿತ್ರ ಬರೆದು ಏರು ಎಲ್ಲಿ, ಇಳಿತ ಎಲ್ಲಿ ಎಂದು ಬಾಣ ಹಾಕಿದ್ದಾಳೆ. ಲೋಕಲ್ ಗಾಡಿ ಬರೆದಿಲ್ಲ. ಬೋರ್ಡಿನವರಿಗೆ ಅದು ಹಿಡಿಸಲಿಕ್ಕಿಲ್ಲವೆಂದು ತಿಲಕ್ ಎಚ್ಚರಿಸಿದ್ದನಂತೆ.

ಶಿವಪುತ್ರ ಅವರು ಪಾಲಕರ ಸಭೆಗೆ ಬಂದಿದ್ದರು. ಮಗಳು ಮನೆಯಲ್ಲಿ ಅಜ್ಜಿಯ ಬೆಳ್ಳಿ ಲೋಟವನ್ನೂ ಸ್ಟೀಲಿನ ಲೋಟವನ್ನೂ ತೂಗುತ್ತ ಕೂರುತ್ತಾಳೆ, ಏನು ಮಾಡಲಿ ಎಂದು ಕೇಳಿದರು. ತೂಗಲಿ ಬಿಡಿ ಎಂದು ಬರೆದು ತೋರಿಸಿದೆ. ಎರಡೂ ಲೋಟದ ಗಾತ್ರ, ದಪ್ಪ ಒಂದೇ ಇರಬೇಕು ಎಂದು ಕೆಳಗೆ ಸೇರಿಸಿದೆ.

ಪರೀಕ್ಷಾ ವಿಭಾಗದ ಕುರ್ಚಿಯ ಮಾತನ್ನು ಯಾರೂ ಎತ್ತಲಿಲ್ಲ.

ಜನವರಿ 22, ಗುರುವಾರ

ಎಡದ ತಂತು ಚಲಿಸುತ್ತಿದೆ.

ಪರದೆಯ ಮೇಲೆ ನಾನೇ ನೋಡಿದೆ. ಪೂರ್ತಿಯಲ್ಲ, ಆದರೆ ಗೋಡೆ ಬಿಟ್ಟು ಬಂದು ಬಲದ್ದನ್ನು ಮುಟ್ಟುತ್ತದೆ. ಡಾಕ್ಟರು "ಆ" ಅನ್ನಲು ಹೇಳಿದರು. ಒಡಕು ದನಿ, ನನ್ನದೆಂದು ಗುರುತು ಹತ್ತದ ದನಿ, ಆದರೂ ದನಿಯೇ. ಒಂದು ಕೋಣೆಗೆ ಕೇಳುವಷ್ಟು ಮಾತಾಡಬಹುದು, ಕೂಗಬಾರದು, ಸ್ವರದ ವ್ಯಾಯಾಮ ಬಿಡಬಾರದು ಎಂದರು. ಇವರು ಮುಖ ಆ ಕಡೆ ತಿರುಗಿಸಿ ಕರವಸ್ತ್ರ ಹುಡುಕಿದರು.

ರಿಕ್ಷಾದಲ್ಲಿ ನಾನು ಇವರ ಹೆಸರು ಹಿಡಿದು ಕರೆದೆ. ಮದುವೆಯಾದಾಗಿನಿಂದ ಕರೆದದ್ದಿಲ್ಲ.

"ಎಂತ?" ಎಂದರು.

ಎಂತ ಇಲ್ಲ ಎಂದೆ.

ಮನೆ ಮುಟ್ಟುವವರೆಗೆ ಇವರೇ ಮಾತಾಡಿದರು. ಹೋಟೆಲಿನ ಹೊಸ ಅಡುಗೆಯವನು, ಸಾಂಬಾರಿನ ಬಗ್ಗೆ ಗಿರಾಕಿಯೊಬ್ಬ ಹೇಳಿದ್ದು, ಆ ಲೋಹದ ವ್ಯಾಪಾರಿ ಕ್ರೋಮಿಯಮ್ ಹುಡುಕುತ್ತಿರುವುದು. ಕೇಳುತ್ತ ಕೂತಿದ್ದೆ. ಇಷ್ಟು ಸಂಗತಿಗಳು ಇವರಲ್ಲಿದ್ದವೆಂದು ಗೊತ್ತೇ ಇರಲಿಲ್ಲ.

ಜನವರಿ 23, ಶುಕ್ರವಾರ

ಬೋರ್ಡ್ ಪರೀಕ್ಷೆಗೆ ಮುನ್ನ ಕೊನೆಯ ಪಾಠ. ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ಮೊದಲ ವಾಕ್ಯ ಅಭ್ಯಾಸ ಮಾಡಿಕೊಂಡು ಹೋಗಿದ್ದೆ.

ಒಳಗೆ ಹೋಗುವಾಗಲೇ ವಾದ ಶುರುವಾಗಿತ್ತು. ಪಾದರಸವೂ ಸತುವಿನ ಕಂಬದಲ್ಲೇ ಇದೆ, ಅದರ ಕೋಣೆಯೂ ತುಂಬಿದೆ, ಪರಮಾಣುಗಳನ್ನು ಕಟ್ಟುವವರಿಲ್ಲದೆ ದ್ರವವೇ ಆಗಿಬಿಟ್ಟಿದೆ, ಹಾಗಿದ್ದೂ ತಾಮ್ರಕ್ಕಿಂತ ಭಾರ ಹೇಗೆ ಎಂದು ಇಲ್ಲಿಯವರೆಗೆ ಬಾಯಿ ಬಿಡದ ಹುಡುಗನೊಬ್ಬ ಕೇಳಿದ್ದ. ತಿಲಕ್ ಒಂದು ಹೇಳಿದ. ಸ್ನೇಹಲ್ ಒಪ್ಪಲಿಲ್ಲ. ಲಾವಣ್ಯಾ ಬೋರ್ಡಿನಲ್ಲಿ ಮೂರು ಸಾಲುಗಳನ್ನೂ ಬರೆದು, ನೀವೇ ಬನ್ನಿ ಎಂದು ಪಕ್ಕಕ್ಕೆ ಸರಿದಳು. ಆ ಹುಡುಗ ತಾನೇ ಎದ್ದು ಹೋಗಿ ಮೂರನೆಯ ಸಾಲಿನ ಮೇಲೆ ಬೆರಳಿಟ್ಟ. ಪಾದರಸ ಇರುವುದು ಇಲ್ಲಿ, ಲ್ಯಾಂಥನೈಡುಗಳನ್ನು ದಾಟಿ ಬಂದದ್ದು, ಎಷ್ಟು ಸಡಿಲವಾಗಿ ಕೂತರೂ ತೂಕ ಎಲ್ಲಿ ಹೋದೀತು ಎಂದ. ಕ್ಲಾಸಿನಲ್ಲಿ ಮತ್ತೆ ಗದ್ದಲವಾಯಿತು. ನಾನು ಕಿಟಕಿಯ ಹತ್ತಿರ ನನ್ನ ಕುರ್ಚಿಯಲ್ಲಿದ್ದೆ. ಬೆಲ್ ಆದದ್ದು ಯಾರಿಗೂ ತಿಳಿಯಲಿಲ್ಲ.

ಬಹಳ ಒಳ್ಳೆಯ ತಂಡ. ಪರೀಕ್ಷೆ ಚೆನ್ನಾಗಿ ಬರೆಯುತ್ತಾರೆ.

ಸಂಜೆ ಇವರು ಬಂದವರೇ, ನಿನ್ನ ಸ್ವರ ಕೇಳಿ ಮಕ್ಕಳು ಎಂತ ಹೇಳಿದರು ಎಂದು ಕೇಳಿದರು. ಆಗಲೇ ನನಗೆ ನೆನಪಾದದ್ದು. ಸ್ವರ ಬಂದಿದೆಯೆಂದು ಹೇಳುವುದನ್ನೇ ಮರೆತು ಬಂದಿದ್ದೆ.